ಪದ ಪರಿಚಯ: ಪ್ರವಾಸದ ದಿನಚರಿ

ಊಟಿಯ ಫೋಟೋ ಹಾಕಿ ಮೇಲೆ ‘ಟ್ರಾವೆಲ್ ಡೈರೀಸ್’ ಅಂತ ಬರೆಯುವವರ ಬಗ್ಗೆ ನನ್ನ ತಕರಾರಿಲ್ಲ. ಹ್ಯಾಶ್‌ಟ್ಯಾಗಿಗೆ ಅರ್ಥ ಇರಲೇಬೇಕು ಅಂತ ಯಾರೂ ಕಾನೂನು ಮಾಡಿಲ್ಲ. ಆದರೆ ಅಮೆರಿಕದ ವಸಾಹತು ಕಾಲದ ಬಗ್ಗೆ ಗಂಭೀರವಾಗಿ ಬರೆಯುವವರೂ ಪ್ಲಿಮತ್ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದ ಆ ವಸಾಹತಿನ ಇತಿಹಾಸವನ್ನು ‘ಮೇಫ್ಲವರ್ ದಿನಚರಿ’ ಅಂತ ಕರೆಯುವಾಗ ಸುಮ್ನೆ ಕೂರಲು ಆಗುವುದಿಲ್ಲ. ಇಂಗ್ಲೆಂಡಿನಿಂದ ಅವರನ್ನು ಹೊತ್ತ ಮೇಫ್ಲವರ್ ಹಡಗು ಬಂದದ್ದು 1620ರಲ್ಲಿ. ಬ್ರಾಡ್‌ಫರ್ಡ್ ಬರೆಯಲು ಶುರು ಮಾಡಿದ್ದು 1630ರಲ್ಲಿ. ಹತ್ತು ವರ್ಷ ಬಿಟ್ಟು ಬರೆದದ್ದು ದಿನಚರಿ ಹೇಗಾಗುತ್ತದೆ?

ಈ ಪದದ ಜೀವ ಇರುವುದೇ ‘ದಿನ’ದಲ್ಲಿ. ಇಂಗ್ಲಿಷಿನ ಡೈರಿಯ ಬೇರು ಲ್ಯಾಟಿನ್‌ನಲ್ಲಿ ದಿನ ಅನ್ನುವ ಪದ. ಜರ್ನಲ್‌ನದೂ ಅದೇ. ಇನ್ನೂ ಮಜಾ ಏನೆಂದರೆ ಜರ್ನಿಯದೂ ಅದೇ. ಹಳೆಯ ಫ್ರೆಂಚ್‌ನಲ್ಲಿ ಅದರ ಅರ್ಥ ಒಂದು ದಿನದ ಕೆಲಸ, ಅಥವಾ ಒಂದು ದಿನದಲ್ಲಿ ನಡೆಯುವಷ್ಟು ದಾರಿ. ಅಂದರೆ ಜರ್ನಿ, ಜರ್ನಲ್ ಎರಡೂ ಒಂದೇ ಮನೆಯ ಮಕ್ಕಳು. ನಮ್ಮ ವ್ಯಾಪಾರಿಗಳು ದಿನದ ಲೆಕ್ಕ ಬರೆಯುವ ಪುಸ್ತಕಕ್ಕೆ ರೋಜು ಕಿರ್ದಿ ಅಂದರು. ರೋಜ್ ಅಂದರೆ ಪಾರಸಿಯಲ್ಲಿ ದಿನ. ಇವತ್ತಿನ ಲೇವಾದೇವಿ ಇವತ್ತೇ ಬರೆಯಬೇಕು, ಆಮೇಲೆ ನೆನಪು ಮಾಡಿಕೊಂಡು ಬರೆದರೆ ಅದು ಕಿರ್ದಿ ಅಲ್ಲ. ಪ್ರವಾಸದ ದಿನಚರಿಗೂ ಇದೇ ನಿಯಮ. ಬರೆಯುವಾಗ ನಾಳೆ ಏನಾಗುತ್ತದೆ ಅಂತ ಬರೆದವರಿಗೆ ಗೊತ್ತಿರಬಾರದು.

ಗೊತ್ತಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವರ್ಜೀನಿಯಾದ ಜಮೀನ್ದಾರ ವಿಲಿಯಂ ಬರ್ಡ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ವರ್ಜೀನಿಯಾಕ್ಕೂ ನಾರ್ತ್ ಕ್ಯಾರೋಲಿನಾಕ್ಕೂ ನಡುವೆ ಗಡಿ ಎಳೆಯಲು 1728ರಲ್ಲಿ ಹೊರಟ ತಂಡದಲ್ಲಿ ಆತ ಇದ್ದ. ಆ ಒಂದೇ ಪ್ರಯಾಣದ ಮೇಲೆ ಆತ ಎರಡು ಪುಸ್ತಕ ಬರೆದ. ಒಂದು ಊರಿಗೆ ತೋರಿಸುವುದಕ್ಕೆ: ಕಾಡು, ಕರಡಿ, ಜೌಗು, ಕ್ಯಾರೋಲಿನಾದವರ ಸೋಮಾರಿತನದ ಮೇಲೆ ನಾಜೂಕಿನ ಗೇಲಿ. ಇನ್ನೊಂದು ಆಪ್ತರಿಗೆ ಮಾತ್ರ. ಅದರಲ್ಲಿ ಜೊತೆಯವರಿಗೆಲ್ಲ ಅಡ್ಡಹೆಸರು. ತನಗೆ ‘ಸ್ಟೆಡಿ’, ಅಂದರೆ ಸ್ಥಿರಬುದ್ಧಿಯವನು. ಆಗದವನಿಗೆ ‘ಫೈರ್‌ಬ್ರಾಂಡ್’, ಅಂದರೆ ಕೊಳ್ಳಿ. ಯಾರು ಯಾರ ಜೊತೆ ಜಗಳ ಆಡಿದರು, ಯಾರು ಕುಡಿದು ಹೆಂಗಸರ ಮೇಲೆ ಕೈ ಹಾಕಲು ಹೋದರು, ಎಲ್ಲ ಇದರಲ್ಲಿದೆ. ಮೊದಲನೆಯದು ಅಚ್ಚಾದದ್ದು 1841ರಲ್ಲಿ, ಎರಡನೆಯದು 1929ರಲ್ಲಿ. ಎರಡನ್ನೂ ಆತ ಆಮೇಲೆ ತಿದ್ದಿ ತೀಡಿ ಬರೆದದ್ದು. ಹಾಗಾಗಿ ಎರಡೂ ಪ್ರವಾಸ ಕಥನ, ಯಾವುದೂ ದಿನಚರಿ ಅಲ್ಲ. ಗುಟ್ಟು ಜಾಸ್ತಿ ಇದೆ ಅಂತ ಎರಡನೆಯದನ್ನು ದಿನಚರಿ ಅನ್ನುವವರಿದ್ದಾರೆ. ಗುಟ್ಟಿಗೂ ದಿನಕ್ಕೂ ಏನು ಸಂಬಂಧ? ಬರ್ಡ್ ನಿಜವಾದ ದಿನಚರಿಯನ್ನೂ ಇಟ್ಟಿದ್ದ, ಯಾರೂ ಓದದ ಹಾಗೆ ಸಂಕೇತ ಲಿಪಿಯಲ್ಲಿ. ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಪ್ರಾರ್ಥನೆ ಮಾಡಿದೆನೋ ಇಲ್ಲವೋ, ದಿನವೂ ಇದೇ. ಓದಲು ಬೋರು. ಇತಿಹಾಸ ಬರೆಯುವವರಿಗೆ ಮಾತ್ರ ಹಬ್ಬ.

ಬೋರಾಗದ ದಿನಚರಿ ಬೇಕಾದರೆ ಬಾಸ್ಟನ್ನಿನ ಸಾರಾ ಕೆಂಬಲ್ ನೈಟ್ ಇದ್ದಾಳೆ. ಸಂಬಂಧಿಕರ ಆಸ್ತಿ ಇತ್ಯರ್ಥಕ್ಕೆ ಅಂತ 1704ರ ಅಕ್ಟೋಬರ್‌ನಲ್ಲಿ ಕುದುರೆ ಹತ್ತಿ ನ್ಯೂ ಹೇವನ್‌ಗೆ, ಅಲ್ಲಿಂದ ನ್ಯೂಯಾರ್ಕ್‌ಗೆ ಹೋದವಳು. ಆಗ ಆಕೆಗೆ 38. ಮನೆಗೆ ವಾಪಸ್ಸಾದದ್ದು ಮಾರ್ಚ್‌ನಲ್ಲಿ. ಒಂದು ಹೊಳೆಯನ್ನು ಪುಟ್ಟ ದೋಣಿಯಲ್ಲಿ ದಾಟುವಾಗ ಎರಡೂ ಕೈಯಲ್ಲಿ ಅಂಚು ಹಿಡಿದು, ನಾಲಿಗೆಯನ್ನು ಬಾಯೊಳಗೆ ಕೂದಲೆಳೆಯಷ್ಟು ಕೂಡ ಆಚೀಚೆ ಸರಿಸಲು ಹೆದರಿ ಕೂತಿದ್ದಳಂತೆ. ಒಂದು ರಾತ್ರಿ ಪಕ್ಕದ ಕೋಣೆಯ ಕುಡುಕರ ಗದ್ದಲಕ್ಕೆ ನಿದ್ದೆ ಬರಲಿಲ್ಲ. ಮೇಣದಬತ್ತಿಯನ್ನು ಹಾಸಿಗೆ ಪಕ್ಕದ ಪೆಟ್ಟಿಗೆ ಮೇಲಿಟ್ಟುಕೊಂಡು, ಇವರ ಬಾಯಿ ಮುಚ್ಚಿಸಪ್ಪಾ ಅಂತ ರಮ್‌ಗೇ ಒಂದು ಪದ್ಯ ಬರೆದಳು. ಆ ಸಿಟ್ಟು ಹತ್ತು ವರ್ಷ ಆದಮೇಲೆ ಅಷ್ಟು ಬಿಸಿಯಾಗಿ ಉಳಿಯುತ್ತಿತ್ತಾ?

ನನಗೆ ಮಾತ್ರ ಆಕೆ ಬರೆದ ಚಾಕುವಿನ ಲೆಕ್ಕ ಎಲ್ಲಕ್ಕಿಂತ ಇಷ್ಟ. ಕನೆಕ್ಟಿಕಟ್‌ನ ಅಂಗಡಿಯವನು ಬೆಲೆ ಹೇಳುವ ಮೊದಲು ಹೇಗೆ ಕೊಡುತ್ತೀರಿ ಅಂತ ಕೇಳುತ್ತಿದ್ದ. ಗಟ್ಟಿ ನಾಣ್ಯ ಕೊಟ್ಟರೆ ಚಾಕುವಿಗೆ 6 ಪೆನ್ಸ್. ಚಿಲ್ಲರೆಗೆ ಚಿಪ್ಪಿನಿಂದ ಕೊರೆದ ವಾಂಪಮ್ ಮಣಿಯೂ ನಡೆಯುತ್ತಿತ್ತು. ದವಸ, ಹಂದಿ ಮಾಂಸ, ದನದ ಮಾಂಸವನ್ನು ಸರ್ಕಾರ ಆ ವರ್ಷ ಗೊತ್ತು ಮಾಡಿದ ದರದಲ್ಲಿ ಕೊಟ್ಟರೆ ಅದೇ ಚಾಕುವಿಗೆ 12 ಪೆನ್ಸ್. ಅದೇ ದವಸವನ್ನು ಸರ್ಕಾರದ ದರಕ್ಕಿಂತ ಮೂರನೇ ಒಂದು ಪಾಲು ಕಮ್ಮಿಗೆ ಹಿಡಿದರೆ 8 ಪೆನ್ಸ್. ಸಾಲಕ್ಕಾದರೆ ಇಬ್ಬರೂ ಒಪ್ಪಿದಷ್ಟು. ಕೈಯಲ್ಲಿ ನಾಣ್ಯ ಇಲ್ಲದ ಒಂದು ಸಮಾಜ ಹೇಗೆ ವ್ಯಾಪಾರ ಮಾಡುತ್ತಿತ್ತು ಅನ್ನುವುದು ಈ ನಾಲ್ಕು ಸಾಲಲ್ಲಿ ಬಂದುಹೋಯಿತು. ಬಾಸ್ಟನ್ನಿನಿಂದ ಬಂದ ಆಕೆಗೆ ಅದು ವಿಚಿತ್ರ ಅನ್ನಿಸಿದ್ದರಿಂದ ಬರೆದಳು. ಊರಿನವನು ಬರೆಯುತ್ತಿರಲಿಲ್ಲ, ಅವನಿಗೆ ಅದು ಮಾಮೂಲಿ. ಈ ದಿನಚರಿ ಅಚ್ಚಾದದ್ದು ಮಾತ್ರ 1825ರಲ್ಲಿ.

ಇಲ್ಲಿಗೆ ಬಂದಾಗ ಎಲ್ಲರೂ ತಪ್ಪದೇ ‘ಗತಕಾಲಕ್ಕೆ ತೆರೆದ ಕಿಟಕಿ’ ಅನ್ನುತ್ತಾರೆ. ಇರಲಿ, ಆದರೆ ಕಿಟಕಿಯ ಪಕ್ಕ ಕೂತವರು ಯಾರು ಅಂತಲೂ ನೋಡಬೇಕಲ್ವಾ? ಕನೆಕ್ಟಿಕಟ್‌ನ ರೈತರು ಗುಲಾಮರನ್ನು ತಮ್ಮ ಜೊತೆಗೇ ಮೇಜಿಗೆ ಕೂರಿಸಿಕೊಂಡು ಉಣ್ಣುತ್ತಾರೆ ಅಂತ ಇದೇ ಸಾರಾ ನೈಟ್ ಮೂಗು ಮುರಿಯುತ್ತಾಳೆ. ಆಕೆ ಬಳಸಿದ ಮಾತನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಆದರೆ ಆ ಅಸಹ್ಯ ಇಲ್ಲದಿದ್ದರೆ ಆ ಊಟದ ಮೇಜಿನ ಸುದ್ದಿಯೇ ನಮಗೆ ಸಿಗುತ್ತಿರಲಿಲ್ಲ.

1744ರಲ್ಲಿ ಅನಾಪೊಲಿಸ್‌ನಿಂದ ಉತ್ತರಕ್ಕೆ ಹೊರಟ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನದೂ ಇದೇ ಕಥೆ. ಸಸ್ಕ್ವೆಹಾನಾ ನದಿಯ ದೋಣಿಯವನ ಮನೆಯಲ್ಲಿ ಊಟದ ಹೊತ್ತು. ಸಾರು ಗೊಜ್ಜು ಏನೂ ಇಲ್ಲದ ಬರೀ ಮೀನು. ಮೇಜಿಗೆ ಬಟ್ಟೆ ಇಲ್ಲ, ಚಾಕು ಚಮಚ ಇಲ್ಲ, ತಟ್ಟೆ ಇಲ್ಲ. ನಡುವೆ ಒಂದು ಕೊಳಕು ಮರದ ಬೋಗುಣಿ. ಮನೆಯವರೆಲ್ಲ ಚರ್ಮ, ಹುರುಪೆ ಸಮೇತ ಕೈಯಲ್ಲೇ ತಿಂದರಂತೆ. ಕೈಯಲ್ಲಿ ಉಣ್ಣುವ ನಾವು ಓದಿದರೆ ಇದರಲ್ಲಿ ಏನು ವಿಶೇಷ ಅನ್ನಿಸೀತು. ಡಾಕ್ಟರಿಗೆ ಅದು ಆದಿಮಾನವರ ಕಾಲ. ಮೇರಿಲ್ಯಾಂಡ್‌ನ ಬಡವರ ಮನೆಯಲ್ಲಿ ಏನೇನು ಸಾಮಾನು ಇರಲಿಲ್ಲ ಅನ್ನುವ ಪಟ್ಟಿ ಹೀಗೆ ಅವನ ಹೇಸಿಗೆಯಿಂದಲೇ ತಯಾರಾಯಿತು. ಮೇನ್ ತನಕ ಹೋಗಿ ಬಂದ 1,600 ಮೈಲಿಗೂ ಮೀರಿದ ಆ ದಾರಿಯಲ್ಲಿ ಜೊತೆಗಿದ್ದ ಗುಲಾಮ ಡ್ರೋಮೋ. ಅವನ ಕಿಟಕಿ ಯಾವುದು? ಡ್ರೋಮೋ ದಾರಿ ಕೇಳಿದ್ದೂ ನಮಗೆ ಗೊತ್ತಿದೆ, ಆದರೆ ಅದೂ ಡಾಕ್ಟರನ ಬರಹದಲ್ಲಿ, ತಮಾಷೆಯ ರೂಪದಲ್ಲಿ.

ಅಂದ ಹಾಗೆ ಈ ಹ್ಯಾಮಿಲ್ಟನ್ ಹತ್ತು ಡಾಲರ್ ನೋಟಿನ ಹ್ಯಾಮಿಲ್ಟನ್ ಅಲ್ಲ. 1744ರಲ್ಲಿ ಆ ಹ್ಯಾಮಿಲ್ಟನ್ ಇನ್ನೂ ಹುಟ್ಟೇ ಇರಲಿಲ್ಲ.