ಫರ್ನೇಸ್ ಆಕ್ಸೆಸ್ ಪ್ಯಾನೆಲ್: ಟ್ರೇಲರ್ ಗೋಡೆಗೆ ಆಮೇಲೆ ಇಡುವ ಬಾಗಿಲು

ಅಮೆರಿಕ, ಕೆನಡಾಗಳಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಪುಟ್ಟ ಮನೆಗೆ ಟ್ರಾವೆಲ್ ಟ್ರೇಲರ್ ಅಂತಾರೆ. ಹಾಸಿಗೆ, ಒಲೆ, ಬಚ್ಚಲಿನ ಜೊತೆಗೆ ಚಳಿ ಕಾಯಿಸಲು ಅದರಲ್ಲಿ ಒಂದು ಫರ್ನೇಸ್ ಇರುತ್ತದೆ. ಅಡುಗೆ ಕಟ್ಟೆಯ ಕೆಳಗೋ ಮಂಚದ ಕೆಳಗೋ, ಹೊರಗೋಡೆಗೆ ತಾಗಿದಂತೆ ಅದನ್ನು ಕೂರಿಸಿರುತ್ತಾರೆ. ಟ್ರೇಲರ್ ಒಳಗೆ ಏನನ್ನೂ ಬಿಚ್ಚದೆ, ಹೊರಗೆ ನಿಂತೇ ಫರ್ನೇಸ್ ತೆರೆಯಲು ಗೋಡೆಯಲ್ಲಿಟ್ಟ ಬಾಗಿಲೇ ಎಕ್ಸ್‌ಟೀರಿಯರ್ ಫರ್ನೇಸ್ ಆಕ್ಸೆಸ್ ಪ್ಯಾನೆಲ್. ಕಾರ್ಖಾನೆಯಲ್ಲಿ ಇಡದೆ ಬಿಟ್ಟದ್ದನ್ನು ಆಮೇಲೆ ಗೋಡೆ ಕೊಯ್ದು ಕೂರಿಸಿದರೆ ಅದಕ್ಕೆ ರೆಟ್ರೋಫಿಟ್ ಅಂತ ಹೆಸರು.

ಈ ಬಾಗಿಲು ಬೇಕು ಅಂತ ಯಾಕೆ ಅನ್ನಿಸುತ್ತದೆ? ಫರ್ನೇಸ್ ಕೆಲಸ ಮಾಡುವ ಬಗೆ ನೋಡಿದರೆ ತಿಳಿಯುತ್ತದೆ.

ಅದು ಉರಿಯುವುದು ಪ್ರೊಪೇನ್ ಗ್ಯಾಸಿನಲ್ಲಿ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಪ್ರೊಪೇನ್ ಜೊತೆ ಬ್ಯುಟೇನ್ ಕೂಡ ಇರುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ, ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಆವಿಯಾಗುತ್ತದೆ. ಹಿಮ ಬೀಳುವ ಊರಿಗೆ ಅದೇ ಸರಿ. ಥರ್ಮೋಸ್ಟ್ಯಾಟ್ 'ಚಳಿ' ಅಂದ ಕೂಡಲೇ ಮೊದಲು ತಿರುಗುವುದು 12 ವೋಲ್ಟಿನ ಮೋಟಾರು. ಅದರ ಗಾಳಿಯ ರಭಸಕ್ಕೆ ಸೇಲ್ ಸ್ವಿಚ್ ಎಂಬ ತೆಳು ರೆಕ್ಕೆ ಸರಿದು, ಫ್ಯಾನ್ ಸರಿಯಾಗಿ ತಿರುಗುತ್ತಿದೆ ಅಂತ ಸರ್ಕ್ಯೂಟ್ ಬೋರ್ಡಿಗೆ ತಿಳಿಸುತ್ತದೆ. ಆಮೇಲೆ ಕೆಲವು ಸೆಕೆಂಡು ಒಳಗಿನ ಹಳೆ ಗಾಳಿಯನ್ನೆಲ್ಲ ಹೊರದೂಡಿ, ಗ್ಯಾಸ್ ವಾಲ್ವ್ ತೆರೆದು, ಕಿಡಿ ಹಾರಿಸಿ ಉರಿ ಹೊತ್ತಿಸುತ್ತದೆ.

ಇಷ್ಟರಲ್ಲಿ ಕೆಡುವುದು ಬಹುಪಾಲು ಸಣ್ಣ ವಿಷಯಗಳೇ. ಸೇಲ್ ಸ್ವಿಚ್ಚಿಗೆ ನಾಯಿಯ ಕೂದಲು, ಧೂಳು ಅಂಟುತ್ತದೆ. ಬ್ಯಾಟರಿ ಸೋತರೆ ಫ್ಯಾನಿನ ಗಾಳಿ ಆ ರೆಕ್ಕೆ ಸರಿಸುವಷ್ಟು ಇರುವುದಿಲ್ಲ. ಹೊಗೆ ಹೋಗುವ ಕೊಳವೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ ಸೇರಿಕೊಳ್ಳುತ್ತದೆ. ನಮ್ಮ ಕಡೆ ಕುಂಬಾರ ಹುಳ ಅಂತೀವಲ್ಲ, ಅದೇ ಬಳಗದ್ದು. ಇವುಗಳಲ್ಲಿ ಬಹಳಷ್ಟನ್ನು ಬ್ರಷ್ಷು, ಸ್ಕ್ರೂಡ್ರೈವರ್ ಇದ್ದರೆ ಸರಿ ಮಾಡಬಹುದು. ಆದರೆ ಕೈ ಹೋಗಬೇಕಲ್ಲ! ಬಾಗಿಲಿಲ್ಲದ ಟ್ರೇಲರಿನಲ್ಲಿ ಡ್ರಾಯರ್ ಬಿಚ್ಚಿ, ಗ್ಯಾಸ್ ಪೈಪ್ ಕಳಚಿ, ಇಡೀ ಫರ್ನೇಸನ್ನು ಹೊರಗೆಳೆಯಬೇಕಾಗುತ್ತದೆ. ಹಾಗಾಗಿ ಜನ ಅದನ್ನು ಶುಚಿ ಮಾಡುವುದನ್ನೇ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಈ ಬಾಗಿಲಿನ ದೊಡ್ಡ ಉಪಕಾರ ಅಂದರೆ ರಿಪೇರಿ ಸುಲಭವಾಗುವುದಕ್ಕಿಂತ ಜಾಸ್ತಿ, ವರ್ಷಕ್ಕೊಮ್ಮೆ ಒಳಗೆ ಇಣುಕಿ ನೋಡುವ ಅಭ್ಯಾಸ ಬರುವುದು.

ಇನ್ನು ಎಚ್ಚರಿಕೆಯ ಮಾತು. ಇದನ್ನು ನಿಧಾನವಾಗಿ ಓದಿ.

ಫರ್ನೇಸಿನಲ್ಲಿ ಎರಡು ಗಾಳಿ ಓಡಾಡುತ್ತವೆ. ಉರಿಗೆ ಬೇಕಾದ ಗಾಳಿ ಹೊರಗಿನಿಂದ ಬಂದು ಹೊಗೆಯಾಗಿ ಹೊರಗೇ ಹೋಗುತ್ತದೆ. ಕೋಣೆಯ ಗಾಳಿ ಕೋಣೆಯಿಂದಲೇ ಬಂದು, ಬಿಸಿಯಾದ ಲೋಹದ ಗೋಡೆಯನ್ನು ಸವರಿ ವಾಪಸ್ ಕೋಣೆಗೆ ಹೋಗುತ್ತದೆ. ಇವೆರಡೂ ಎಲ್ಲೂ ಬೆರೆಯಬಾರದು. ಅಮೆರಿಕದ ಎನ್‌ಎಫ್‌ಪಿಎ 1192 ಎಂಬ, ಇಂಥ ಗಾಡಿಗಳ ಸುರಕ್ಷತೆಯ ಮಾನದಂಡ ಕೂಡ ಇದನ್ನೇ ಹೇಳುತ್ತದೆ. ಗೋಡೆಯಲ್ಲಿ ಹೊಸ ರಂಧ್ರ ಕೊಯ್ದಾಗ ಆಪತ್ತು ಬರುವುದು ಇಲ್ಲಿಯೇ. ಕೋಣೆಯ ಗಾಳಿಯ ಫ್ಯಾನು ಫರ್ನೇಸ್ ಕೂತಿರುವ ಗೂಡಿನಿಂದ ಗಾಳಿ ಎಳೆಯುತ್ತಿರುತ್ತದೆ. ಹೊಸ ಬಾಗಿಲಿನ ಅಂಚಿನಲ್ಲಿ ಸಂದಿ ಉಳಿದಿದ್ದರೆ ಅದು ಹೊರಗಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಹೊಗೆ ಹೊರಬೀಳುವ ಬಾಯಿ ಅಲ್ಲೇ ಪಕ್ಕದಲ್ಲಿರುತ್ತದೆ. ಹೊರಗೆ ಹೋದ ಹೊಗೆ ಹೀಗೆ ಹಾಸಿಗೆಯ ಹತ್ತಿರಕ್ಕೇ ವಾಪಸ್ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಮೊದಲು ನೋಡಬೇಕಾದ್ದು ಫರ್ನೇಸಿನ ಮೈಮೇಲಿರುವ ಮಾಡೆಲ್ ನಂಬರನ್ನು. ಕೆಲವು ಫರ್ನೇಸ್‌ಗಳನ್ನು ಹೊರಗಿನಿಂದ ತೆರೆಯಲೆಂದೇ ಮಾಡಿರುತ್ತಾರೆ. ಸಬರ್ಬನ್ ಕಂಪನಿಯ ಎನ್‌ಟಿ ಸರಣಿಯ ಕೆಲವು ಮಾಡೆಲ್‌ಗಳು ಅಂಥವು. ಅವಕ್ಕೆ ಹೊಂದುವ ಬಾಗಿಲನ್ನು ಅದೇ ಕಂಪನಿ ಮಾರುತ್ತದೆ, ಗಾಳಿ ಮತ್ತು ಹೊಗೆಯ ಬಾಯಿಗಳು ಆ ಬಾಗಿಲಲ್ಲೇ ಇರುತ್ತವೆ. ಅದರ ಬದಲಿಗೆ ಬೇರೆ ಯಾವುದೋ ತಗಡಿನ ಬಾಗಿಲು ಹಾಕಬೇಡಿ. ಅದೇ ಕಂಪನಿಯ ಎಸ್‌ಎಫ್ ಸರಣಿಯ ಹಲವು ಮಾಡೆಲ್‌ಗಳಿಗೆ ಹೊರಗೆ ಕಾಣುವುದು ಸಣ್ಣ ವೆಂಟ್ ಕ್ಯಾಪ್ (ಹೊಗೆ ಬಾಯಿಯ ಮುಚ್ಚಳ) ಮಾತ್ರ. ಇಂಥ ಫರ್ನೇಸಿನ ಮುಂದೆ ಸಾಮಾನು ಇಡುವ ಡಿಕ್ಕಿಯ ಬಾಗಿಲೊಂದನ್ನು ತಂದು ಕೂರಿಸಿದರೆ, ಹೊಗೆಯ ಕೊಳವೆಯನ್ನು ಆ ಬಾಗಿಲಿನ ಮೂಲಕ ಹಾಯಿಸುವ ಪರಿಸ್ಥಿತಿ ಬರುತ್ತದೆ. ಬಾಗಿಲು ತೆರೆದು ಮುಚ್ಚಿದಂತೆಲ್ಲ ಕೊಳವೆಯ ಜೋಡಣೆ ಅಲುಗಾಡುತ್ತದೆ. ಅದು ಬೇಡ. ಇಂಥ ಕಡೆ ಒಳಗಿನ ಕಪಾಟಿನ ಹಲಗೆಯನ್ನು ಸ್ಕ್ರೂ ಬಿಚ್ಚಿ ತೆಗೆಯುವ ಹಾಗೆ ಬದಲಾಯಿಸಿಕೊಂಡರೆ ಸಾಕು. ಆದರೆ ಆ ಹಲಗೆಯಲ್ಲಿರುವ ಗಾಳಿಯ ಜಾಲರಿಯನ್ನು ಮಾತ್ರ ಕಿರಿದು ಮಾಡಬಾರದು.

ಗೋಡೆ ಕೊಯ್ಯುವುದೇ ಆದರೆ, ಅದು ಎಂಥ ಗೋಡೆ ಅಂತ ತಿಳಿದಿರಬೇಕು. ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು ಹೊದಿಸಿದ ಗೋಡೆಯಲ್ಲಿ ಕೆಲಸ ಸುಲಭ. ಅಡ್ಡ ಬಂದ ರೀಪರ್ ಕತ್ತರಿಸಿದರೆ ರಂಧ್ರದ ನಾಲ್ಕೂ ಬದಿಗೆ ಹೊಸ ಮರ ಕೊಟ್ಟು ಬಿಗಿ ಮಾಡಬಹುದು. ಫೈಬರ್‌ಗ್ಲಾಸ್, ಫೋಮ್, ಒಳಹಲಗೆ ಎಲ್ಲವನ್ನೂ ಅಂಟಿಸಿ ಒಂದೇ ಹಲಗೆಯಂತೆ ಮಾಡಿದ ಗೋಡೆಯಲ್ಲಿ ಹಾಗಲ್ಲ. ಕೊಯ್ದ ಅಂಚಿನಿಂದ ನೀರು ಇಳಿದರೆ ಪದರಗಳು ಬಿಟ್ಟುಕೊಂಡು ಗೋಡೆ ಉಬ್ಬುತ್ತದೆ, ಆಮೇಲೆ ಸರಿ ಮಾಡುವುದು ಬಹಳ ಕಷ್ಟ. ಎರಡರಲ್ಲೂ ಕರೆಂಟಿನ ವೈರು, ಗ್ಯಾಸ್ ಪೈಪು ಎಲ್ಲಿ ಹಾದಿವೆ ಅಂತ ನೋಡದೆ ಗರಗಸ ಇಡಬಾರದು. ಬ್ಯಾಟರಿ ಕಳಚಿ, ಸಿಲಿಂಡರ್ ಬಂದ್ ಮಾಡಿಯೇ ಶುರು ಮಾಡಬೇಕು.

ಬಾಗಿಲಿನ ಚೌಕಟ್ಟಿನ ಹಿಂದೆ ಬ್ಯುಟೈಲ್ ಟೇಪ್ ಎಂಬ ಅಂಟು ಪಟ್ಟಿ ಹಾಕಿ, ಮೇಲಂಚು ಮತ್ತು ಪಕ್ಕದ ಅಂಚುಗಳಿಗೆ ಟ್ರೇಲರಿಗೆಂದೇ ಬರುವ ಸೀಲಂಟ್ (ಸಂದಿ ಮುಚ್ಚುವ ಅಂಟು) ಎಳೆಯುತ್ತಾರೆ. ಸಾದಾ ಸಿಲಿಕೋನ್ ಬೇಡ. ಮುಂದೆ ಅದರ ಮೇಲೆ ಬೇರೆ ಯಾವ ಸೀಲಂಟೂ ಹಿಡಿಯುವುದಿಲ್ಲ.

ಗ್ಯಾಸ್ ಪೈಪ್ ಒಮ್ಮೆ ಕಳಚಿದರೂ ಸಾಕು, ಜೋಡಿಸಿದ ಮೇಲೆ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಬೇಕು. ಗ್ಯಾಸ್ ಒತ್ತಡ 11 ಇಂಚು ನೀರಿನ ಕಾಲಮ್ಮಿನಷ್ಟಿದೆಯಾ ಅಂತ ಪರೀಕ್ಷಿಸಲು ಮ್ಯಾನೊಮೀಟರ್ ಬೇಕು, ಅದನ್ನು ಆರ್‌ವಿ (ಇಂಥ ಮನೆಗಾಡಿಗಳ) ಟೆಕ್ನಿಶಿಯನ್ನಿಗೆ ಬಿಡುವುದು ಮೇಲು. ಕಾರ್ಬನ್ ಮೊನಾಕ್ಸೈಡ್ ಅಲಾರ್ಮಿನ ಮೇಲೆ ಅದರ ಆಯಸ್ಸು ಮುಗಿಯುವ ತಾರೀಕು ಬರೆದಿರುತ್ತದೆ. ಹಳೆ ಟ್ರೇಲರ್ ಕೊಂಡವರು ಬಾಗಿಲಿಗೆ ದುಡ್ಡು ಹಾಕುವ ಮೊದಲು ಅದನ್ನು ನೋಡಿ, ಮುಗಿದಿದ್ದರೆ ಹೊಸದು ತನ್ನಿ. ಹೊಸ ಬಾಗಿಲು ಕೂರಿಸಿದ ದಿನ ಆ ಅಲಾರ್ಮ್ ಚಾಲೂ ಇಟ್ಟು, ಎಲ್ಲರೂ ಎಚ್ಚರವಿರುವ ಹಗಲಿನಲ್ಲೇ ಫರ್ನೇಸನ್ನು ಬಹಳ ಹೊತ್ತು ಓಡಿಸಿ ನೋಡಿ.