ವಿಭಜನೆಗೆ ಮುನ್ನ ಕೋಶ ಏನು ಮಾಡುತ್ತಿರುತ್ತದೆ?

ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೆಳೆಯುವ ಮನುಷ್ಯನ ಜೀವಕೋಶ ಸುಮಾರು 24 ಗಂಟೆಗೊಮ್ಮೆ ಎರಡಾಗುತ್ತದೆ. ಅದರಲ್ಲಿ ನಾವು ವಿಭಜನೆ ಎಂದು ಕಣ್ಣಾರೆ ನೋಡಬಹುದಾದದ್ದು ಒಂದು ಗಂಟೆಯಷ್ಟು ಮಾತ್ರ. ಮಿಕ್ಕ ಹೊತ್ತೆಲ್ಲ ಕೋಶ ಸುಮ್ಮನಿರುವಂತೆ ತೋರುತ್ತದೆ. ಶಾಲೆಯಲ್ಲಿ ಚಿತ್ರ ಬರೆದು, ಹಂತಗಳ ಹೆಸರು ಉರುಹೊಡೆದು ನಾವು ಕಲಿತದ್ದು ಆ ಒಂದು ಗಂಟೆಯ ಕಥೆಯನ್ನು. ವಿಜ್ಞಾನವೂ ಬಹುಕಾಲ ಅಲ್ಲಿಯೇ ನಿಂತಿತ್ತು.

ಹಳೆಯ ಕೋಶ ಒಡೆದೇ ಹೊಸ ಕೋಶ ಹುಟ್ಟುತ್ತದೆ ಎಂಬುದನ್ನು 1850ರ ದಶಕದಲ್ಲಿ ರುಡಾಲ್ಫ್ ವಿರ್ಕೋವ್ ಪ್ರಸಿದ್ಧಗೊಳಿಸಿದರು. ಕೋಳಿಯ ಭ್ರೂಣದ ರಕ್ತಕೋಶಗಳಲ್ಲಿ ಅದನ್ನು ಅವರಿಗಿಂತ ಮೊದಲೇ ಕಂಡು ಹೇಳಿದ್ದವರು ರಾಬರ್ಟ್ ರೆಮಾಕ್. ಯಹೂದಿಯಾಗಿದ್ದ ಅವರಿಗೆ ಪ್ರಷ್ಯಾದಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ಕೊನೆಗೂ ದೊರೆಯಲಿಲ್ಲ, ಕೀರ್ತಿಯೂ ದೊರೆಯಲಿಲ್ಲ. ಆಮೇಲೆ ಕೀಲ್ ನಗರದ ವಾಲ್ಟರ್ ಫ್ಲೆಮಿಂಗ್ ಸಲಮಾಂಡರ್ ಎಂಬ ಉಭಯಚರದ ಮರಿಗಳ ದೊಡ್ಡ ಕೋಶಗಳಿಗೆ ಬಣ್ಣ ಹಾಕಿ, ಎಳೆಗಳಂಥ ವರ್ಣತಂತುಗಳು ಉದ್ದಕ್ಕೆ ಸೀಳಿಕೊಂಡು ಇಬ್ಬಾಗವಾಗುವುದನ್ನು ಚಿತ್ರಿಸಿ, 1882ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆದರೆ ಬಣ್ಣ ಹಿಡಿದು ತೋರಿಸಿದ್ದಷ್ಟೇ ಕಂಡಿತು. ಎಳೆಗಳು ಕಾಣದ ದೀರ್ಘ ಅವಧಿಗೆ ವಿಶ್ರಾಂತಿಯ ಹಂತ ಎಂಬ ಹೆಸರು ಅಂಟಿಕೊಂಡಿತು.

ಆ ಹೆಸರು ಸುಳ್ಳೆಂದು ತೋರಿಸಿದ್ದು ಬೇರಿನ ತುದಿ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲ್ಮಾ ಹೋವರ್ಡ್ ಮತ್ತು ಸ್ಟೀಫನ್ ಪೆಲ್ಕ್ ಅವರೆ ಜಾತಿಯ ಒಂದು ಗಿಡದ ಬೇರಿಗೆ ವಿಕಿರಣಶೀಲ ರಂಜಕ ಉಣಿಸಿ, ಅದು ಯಾವ ಕೋಶಗಳ ಡಿಎನ್‌ಎಯಲ್ಲಿ ಸೇರಿತೆಂಬುದನ್ನು ಛಾಯಾಚಿತ್ರದ ಲೇಪನದ ಮೇಲೆ ಮೂಡಿಸಿಕೊಂಡರು. 1953ರಲ್ಲಿ ಅವರು ಮುಂದಿಟ್ಟ ಚಿತ್ರಣ ಇಂದಿಗೂ ಉಳಿದಿದೆ: ಡಿಎನ್‌ಎ ನಕಲಾಗುವುದು ನಡುವಿನ ಒಂದು ನಿರ್ದಿಷ್ಟ ಅವಧಿಯಲ್ಲಿ. ಅದು ಎಸ್ ಹಂತ. ಅದಕ್ಕೆ ಮುಂಚಿನ ಬಿಡುವು ಜಿ-1, ನಂತರದ್ದು ಜಿ-2. ಮನುಷ್ಯನ ಕೋಶದಲ್ಲಿ ನಕಲಿನ ಕೆಲಸಕ್ಕೆ ಸುಮಾರು ಎಂಟು ಗಂಟೆ ಬೇಕು. ಡಿಎನ್‌ಎಯ ಅಕ್ಷರಗಳೆಂದರೆ ಅದರ ರಾಸಾಯನಿಕ ಘಟಕಗಳು; ಅಂಥ 600 ಕೋಟಿಗೂ ಹೆಚ್ಚು ಅಕ್ಷರಜೋಡಿಗಳು, ಉದ್ದಕ್ಕೆ ಹಿಡಿದರೆ ಎರಡು ಮೀಟರ್ ದಾರ. ಒಂದೇ ತುದಿಯಿಂದ ಹೊರಟರೆ ಮುಗಿಯುವ ಮಾತೇ ಅಲ್ಲ. ಸಾವಿರಾರು ಕಡೆ ಕೆಲಸ ಆರಂಭವಾಗುತ್ತದೆ. ತಿದ್ದುಪಡಿಯೆಲ್ಲ ಮುಗಿದ ಮೇಲೆ ಉಳಿಯುವ ತಪ್ಪು ನೂರು ಕೋಟಿ ಅಕ್ಷರಗಳಿಗೆ ಒಂದರಷ್ಟು ಅಥವಾ ಅದಕ್ಕಿಂತಲೂ ಕಡಿಮೆ.

ಇದೆಲ್ಲ ಯಾವಾಗ ಶುರುವಾಗಬೇಕೆಂದು ಕೋಶಕ್ಕೆ ಹೇಳುವವರು ಯಾರು? ಈ ಪ್ರಶ್ನೆಗೆ ನಡೆದ ಪ್ರಯೋಗಗಳಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು ಭಾರತ ಮೂಲದ ವಿಜ್ಞಾನಿ ಪೋತು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್ ಅಮೆರಿಕದ ಕೊಲೊರಾಡೊದಲ್ಲಿ ಮಾಡಿ, 1970ರಲ್ಲಿ ಪ್ರಕಟಿಸಿದ್ದು. ಅವರು ಬಳಸಿದ್ದು ಹೀಲಾ ಕೋಶಗಳನ್ನು. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗೆಡ್ಡೆಯಿಂದ ಆಕೆಯ ಅನುಮತಿಯಿಲ್ಲದೆ ತೆಗೆದ ಕೋಶಗಳ ಸಂತತಿ ಅದು. ಈ ಶಾಸ್ತ್ರ ಆಕೆಗೆ ತೀರಿಸಲಾಗದ ಋಣ ಹೊತ್ತಿದೆ. ರಾವ್ ಮತ್ತು ಜಾನ್ಸನ್ ನಿಷ್ಕ್ರಿಯಗೊಳಿಸಿದ ವೈರಸ್ ಒಂದರ ನೆರವಿನಿಂದ ಬೇರೆ ಬೇರೆ ಹಂತದ ಎರಡು ಕೋಶಗಳನ್ನು ಬೆಸೆದರು. ಒಂದೇ ಮೈಯೊಳಗೆ ಎರಡು ಕೋಶಕೇಂದ್ರಗಳು. ಜಿ-1ರ ಕೇಂದ್ರ ಎಸ್ ಹಂತದ್ದರ ಜೊತೆಯಾದಾಗ, ತನ್ನ ಸರದಿಗೆ ಮೊದಲೇ ಡಿಎನ್‌ಎ ನಕಲಿಸತೊಡಗಿತು. ಜಿ-2ರ ಕೇಂದ್ರ ಅದೇ ಸಹವಾಸದಲ್ಲಿದ್ದರೂ ಎರಡನೆಯ ಸಲ ನಕಲಿಸಲು ಒಪ್ಪಲಿಲ್ಲ. ವಿಭಜನೆಯಲ್ಲಿದ್ದ ಕೋಶದೊಡನೆ ಯಾವುದನ್ನು ಬೆಸೆದರೂ ಅದರ ವರ್ಣತಂತುಗಳು ಅಕಾಲದಲ್ಲಿ ಬಿಗಿದುಕೊಂಡವು. ಅಂದರೆ ಅಪ್ಪಣೆ ಕೋಶದ್ರವದಲ್ಲಿ ಹರಿದಾಡುತ್ತದೆ; ಅದನ್ನು ಪಾಲಿಸಬೇಕೇ ಎಂಬುದು ಡಿಎನ್‌ಎ ಈಗಾಗಲೇ ನಕಲಾಗಿದೆಯೇ ಎಂಬುದನ್ನು ಅವಲಂಬಿಸಿದೆ. ಮರುವರ್ಷವೇ ಯೋಶಿಯೊ ಮಸೂಯಿ ಕಪ್ಪೆಯ ಅಂಡಾಣುವಿನಲ್ಲಿ ಅಂಥದ್ದೇ ಒಂದು ಪ್ರೇರಕ ವಸ್ತುವಿನ ಸುಳಿವು ಹಿಡಿದರು.

ಆ ವಸ್ತು ಯಾವುದೆಂಬ ಹುಡುಕಾಟ ಮೂರು ದಿಕ್ಕುಗಳಿಂದ ನಡೆಯಿತು. ಸಿಯಾಟಲ್‌ನಲ್ಲಿ ಲೀಲ್ಯಾಂಡ್ ಹಾರ್ಟ್‌ವೆಲ್ ಬ್ರೆಡ್ಡಿನ ಯೀಸ್ಟನ್ನು ಆರಿಸಿಕೊಂಡರು. ಆ ಯೀಸ್ಟ್ ಮೊಗ್ಗು ಬಿಟ್ಟು ಎರಡಾಗುತ್ತದೆ; ಮೊಗ್ಗಿನ ಗಾತ್ರ ನೋಡಿಯೇ ಅದು ಚಕ್ರದ ಯಾವ ಘಟ್ಟದಲ್ಲಿದೆಯೆಂದು ಹೇಳಬಹುದು. ತಾಪ ಏರಿಸಿದಾಗ ಒಂದೇ ಘಟ್ಟದಲ್ಲಿ ಸಿಕ್ಕಿಕೊಳ್ಳುವ ರೂಪಾಂತರಿಗಳನ್ನು ಹೆಕ್ಕುತ್ತ ಅವರು ನೂರಕ್ಕೂ ಹೆಚ್ಚು ವಂಶವಾಹಿಗಳನ್ನು ಗುರುತಿಸಿದರು. ಡಿಎನ್‌ಎ ಕೆಟ್ಟಿದ್ದರೆ ದುರಸ್ತಿಯಾಗುವ ತನಕ ಕೋಶ ತನ್ನನ್ನು ತಾನೇ ತಡೆದುಕೊಳ್ಳುತ್ತದೆ ಎಂಬ ದೊಡ್ಡ ವಿಚಾರವೂ ಅವರಿಂದಲೇ ಗಟ್ಟಿಗೊಂಡಿತು. ಪಾಲ್ ನರ್ಸ್ ಬೇರೊಂದು ಯೀಸ್ಟಿನಲ್ಲಿ, ವಿಭಜನೆಯ ವೇಳೆಯನ್ನು ನಿರ್ಧರಿಸುವ ಸಿಡಿಸಿ-2 ಎಂಬ ವಂಶವಾಹಿಯ ಬೆನ್ನು ಹತ್ತಿದರು. 1982ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ ಟಿಮ್ ಹಂಟ್, ಮುಳ್ಳುಮೈಯ ಸೀ ಅರ್ಚಿನ್ ಜೀವಿಯ ಮೊಟ್ಟೆಗಳಲ್ಲಿ ವಿಚಿತ್ರವೊಂದನ್ನು ಕಂಡರು: ಒಂದು ಪ್ರೋಟೀನ್ ತುಂಬಿಕೊಳ್ಳುತ್ತ ಬಂದು, ಪ್ರತಿ ವಿಭಜನೆಯ ವೇಳೆಗೆ ಥಟ್ಟನೆ ಮಾಯವಾಗುತ್ತಿತ್ತು. ಅದೇ ಸೈಕ್ಲಿನ್.

1987ರಲ್ಲಿ ಮೆಲಾನಿ ಲೀ ಮತ್ತು ನರ್ಸ್ ಸಿಡಿಸಿ-2 ಕೆಟ್ಟ ಯೀಸ್ಟಿಗೆ ಮನುಷ್ಯನ ವಂಶವಾಹಿಗಳನ್ನು ಸೇರಿಸಿ ನೋಡಿದರು. ಒಂದು ವಂಶವಾಹಿ ಸೇರಿದ ಯೀಸ್ಟ್ ಮತ್ತೆ ವಿಭಜಿಸತೊಡಗಿತು! ನೂರು ಕೋಟಿ ವರ್ಷಗಳಿಗೂ ಹಿಂದೆ ಕವಲೊಡೆದ ಎರಡು ವಂಶಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಒದಗಿತ್ತು. ಮಸೂಯಿಯ ಪ್ರೇರಕ ವಸ್ತುವನ್ನು ಶುದ್ಧೀಕರಿಸಿ ನೋಡಿದಾಗ ಅಲ್ಲಿ ಇದ್ದದ್ದೂ ಇವೇ, ಸಿಡಿಸಿ-2 ವಂಶವಾಹಿಯಿಂದ ತಯಾರಾಗುವ ಕಿಣ್ವ ಮತ್ತು ಜೊತೆಗಾರ ಸೈಕ್ಲಿನ್. ಸೈಕ್ಲಿನ್ ಕೂಡಿದಾಗ ಕಿಣ್ವ ಕೆಲಸಕ್ಕಿಳಿಯುತ್ತದೆ. ಸೈಕ್ಲಿನ್ ನಾಶವಾದಾಗ ನಿಲ್ಲುತ್ತದೆ. 2001ರ ನೊಬೆಲ್ ಹಾರ್ಟ್‌ವೆಲ್, ಹಂಟ್ ಮತ್ತು ನರ್ಸ್ ಅವರಿಗೆ ಸಂದಿತು. ಅದು ಯೋಗ್ಯವೇ. ಆದರೆ ರಾವ್, ಜಾನ್ಸನ್, ಮಸೂಯಿ ಅವರ ಹೆಸರುಗಳೂ ನಮ್ಮ ಪಠ್ಯಗಳಲ್ಲಿ ಇರಬೇಕಿತ್ತು.

ಬಿಡುವೆಂದು ಕರೆದ ಜಿ-1 ಅವಧಿಯಲ್ಲೇ ಕೋಶ ವಿಭಜನೆಯತ್ತ ಹೊರಡಬೇಕೇ ಬೇಡವೇ ಎಂದು ತೀರ್ಮಾನಿಸುತ್ತದೆ. ಅನೇಕ ಕ್ಯಾನ್ಸರ್‌ಗಳಲ್ಲಿ ಹದಗೆಟ್ಟಿರುವುದು ಇದೇ ತೀರ್ಮಾನ. 2015ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಅನುಮತಿ ಪಡೆದ ಪಾಲ್ಬೊಸಿಕ್ಲಿಬ್ ಎಂಬ ಔಷಧ, ಸಿಡಿಸಿ-2ರ ಬಳಗದ ಎರಡು ಕಿಣ್ವಗಳನ್ನು ತಡೆದು ಕೋಶವನ್ನು ಜಿ-1ರಲ್ಲಿಯೇ ನಿಲ್ಲಿಸುತ್ತದೆ. ಮೂಳೆಮಜ್ಜೆಯ ಆರೋಗ್ಯವಂತ ಕೋಶಗಳಿಗೂ ಅದೇ ಕಿಣ್ವಗಳು ಬೇಕು. ಹಾಗಾಗಿ ರೋಗಿಯ ಬಿಳಿ ರಕ್ತಕಣಗಳು ಇಳಿಯುತ್ತವೆ. ಮೂರು ವಾರ ಮಾತ್ರೆ ಕೊಟ್ಟು, ಅವು ಚೇತರಿಸಿಕೊಳ್ಳಲೆಂದು ನಾಲ್ಕನೆಯ ವಾರ ನಿಲ್ಲಿಸುತ್ತಾರೆ.