ಗಂಜಿ ತೆಳಿಗೆ ಉಪ್ಪು ಬರೀ ರುಚಿಗಲ್ಲ

ಜೂನ್‌ನಲ್ಲಿ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ ಕಡೆ ಬಾವಿ ನೀರಿನ ಬಣ್ಣವೇ ಬದಲಾಗುತ್ತದೆ. ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನಲ್ಲೂ ಕೆಮ್ಮಣ್ಣು. ಅದರ ಹಿಂದೆಯೇ ಒಂದೆರಡು ಮನೆಗಳಲ್ಲಿ ವಾಂತಿ-ಭೇದಿ ಶುರು. ಆಗ ಹಿರಿಯರು ಅಕ್ಕಿಯನ್ನು ಚೆನ್ನಾಗಿ ಅರಳುವ ತನಕ ಬೇಯಿಸುತ್ತಾರೆ. ಪಾತ್ರೆ ಬಾಗಿಸಿ ತೆಳಿ ಬಸಿಯುತ್ತಾರೆ. ಬೆಳ್ಳಗೆ, ಸ್ವಲ್ಪ ಲೋಳೆಯಾಗಿರುವ ಆ ತೆಳಿಗೆ ಉಪ್ಪು ಕದಡಿ, ಬಿಸಿ ಆರಿದ ಮೇಲೆ ಗುಟುಕು ಗುಟುಕಾಗಿ ಕುಡಿಸುತ್ತಾರೆ. ಉಪ್ಪು ಹಾಕುವುದು ರುಚಿಗೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಿಜವಾದ ಕಾರಣ ನಮ್ಮ ಸಣ್ಣ ಕರುಳಿನಲ್ಲಿದೆ.

ಜೀರ್ಣಕ್ರಿಯೆ ಅಂದರೆ ತಿಂದದ್ದನ್ನು ಕರಗಿಸುವುದು ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ನನ್ನನ್ನು ಕೇಳಿದರೆ, ಅದರಲ್ಲಿ ಅರ್ಧ ನೀರಿನ ಲೆಕ್ಕಾಚಾರ. ಊಟ, ಕಾಫಿ, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಸುಮಾರು 2 ಲೀಟರ್ ನೀರು ಒಳಗೆ ಹೋಗುತ್ತದೆ. ದೇಹ ತನ್ನ ಕಡೆಯಿಂದ ಅದಕ್ಕೆ ಇನ್ನೂ 7 ಲೀಟರಿನಷ್ಟು ಸುರಿಯುತ್ತದೆ: ಬಾಯಿಯ ಜೊಲ್ಲು, ಜಠರದ ಆಮ್ಲ, ಯಕೃತ್ತಿನ ಪಿತ್ತ, ಮೇದೋಜೀರಕ ಗ್ರಂಥಿಯ ರಸ, ಕರುಳಿನದೇ ರಸ. ಒಟ್ಟು 9 ಲೀಟರ್ ಅನ್ನಿ. ಮಲದಲ್ಲಿ ಹೊರಗೆ ಹೋಗುವುದು ಮಾತ್ರ 100ರಿಂದ 200 ಮಿಲಿಲೀಟರ್. ಉಳಿದದ್ದೆಲ್ಲ ಮತ್ತೆ ರಕ್ತಕ್ಕೆ ವಾಪಸ್. ಈ ಕೆಲಸದ ಬಹುಪಾಲು ಸಣ್ಣ ಕರುಳಿನದು, ದೊಡ್ಡ ಕರುಳಿನ ಪಾಲಿಗೆ ಬರುವುದು ಒಂದೂವರೆ ಲೀಟರ್ ಅಷ್ಟೇ. ಹೊಟ್ಟೆ ಅಂದ ಕೂಡಲೇ ಎಲ್ಲರಿಗೂ ಜಠರವೇ ನೆನಪಾಗುತ್ತದೆ, ಅಲ್ವಾ? ಅಷ್ಟು ದೊಡ್ಡ ಹೆಸರು ಅದಕ್ಕೆ ಸಲ್ಲುವುದಿಲ್ಲ.

ಸಣ್ಣ ಕರುಳಿನ ಒಳಗೋಡೆ ನುಣುಪಾಗಿಲ್ಲ. ಮಡಿಕೆ ಮಡಿಕೆಯಾಗಿದೆ. ಆ ಮಡಿಕೆಗಳ ಮೇಲೆ ಬೆರಳಿನ ಆಕಾರದ ಎಳೆಗಳು, ಒಂದೊಂದೂ ಒಂದು ಮಿಲಿಮೀಟರಿಗಿಂತ ಕಡಿಮೆ ಉದ್ದ. ಒಂದೊಂದು ಎಳೆಯನ್ನು ಹೊದ್ದಿರುವ ಜೀವಕೋಶಗಳ ಮೇಲೂ ಮತ್ತೆ ಕಣ್ಣಿಗೆ ಕಾಣದ ಸಣ್ಣ ಕೂದಲಿನಂಥ ಚಾಚುಗಳು. ಇದನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ಈ ಜೀವಕೋಶಗಳಿಗೆ ಆಯುಸ್ಸು 3ರಿಂದ 5 ದಿನ. ಹಳೆಯವು ಉದುರುತ್ತಲೇ ಇರುತ್ತವೆ, ಬುಡದಿಂದ ಹೊಸವು ಮೇಲೇರುತ್ತಲೇ ಇರುತ್ತವೆ. ಭೇದಿ ನಿಂತ ಮೇಲೆ ಕರುಳು ಬೇಗ ಸುಧಾರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗ ಉಪ್ಪಿನ ವಿಷಯಕ್ಕೆ ಬರೋಣ. ನೀರನ್ನು ನೇರವಾಗಿ ಎಳೆದುಕೊಳ್ಳುವ ವ್ಯವಸ್ಥೆ ಕರುಳಿಗೆ ಇಲ್ಲ. ಉಪ್ಪಿನಂಶ ಎತ್ತ ಹೋಗುತ್ತದೋ ನೀರೂ ಅತ್ತ ಹೋಗುತ್ತದೆ. ಜೀವಕೋಶದ ಮೇಲೆ ಒಂದು ಪ್ರೋಟೀನ್ ಇದೆ. ಅದನ್ನು ಬಾಗಿಲು ಅಂದುಕೊಳ್ಳಿ. ಗ್ಲೂಕೋಸ್ ಒಂದೇ ಬಂದರೆ ಅದು ತೆರೆಯುವುದಿಲ್ಲ, ಜೊತೆಗೆ ಉಪ್ಪಿನಲ್ಲಿರುವ ಸೋಡಿಯಂನ ಎರಡು ಕಣ ಬರಬೇಕು. ಇಬ್ಬರೂ ಒಳಗೆ ಹೋದರೆ ಹಿಂದೆಯೇ ನೀರು. ಹೀಗೆ ಸೋಡಿಯಂ, ಗ್ಲೂಕೋಸ್ ಜೊತೆಯಾಗಿ ಸಾಗುತ್ತವೆ ಎಂಬ ವಿಚಾರವನ್ನು 1960ರಲ್ಲಿ ಮುಂದಿಟ್ಟವರು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುವ ಹೊತ್ತಿನಲ್ಲೂ ಈ ಬಾಗಿಲು ಕೆಡುವುದಿಲ್ಲ. ಲಕ್ಷಾಂತರ ಜೀವ ಉಳಿದಿರುವುದು ಈ ಒಂದು ಸಂಗತಿಯಿಂದ.

ತೆಳಿಯಲ್ಲಿ ಗ್ಲೂಕೋಸ್ ಎಲ್ಲಿಂದ ಬಂತು? ಅಕ್ಕಿಯ ಪಿಷ್ಟ ಅಂದರೆ ಗ್ಲೂಕೋಸಿನ ಉದ್ದುದ್ದ ಸರ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅದನ್ನು ಕತ್ತರಿಸಲು ಶುರು ಮಾಡುತ್ತದೆ, ಮೇದೋಜೀರಕದ ಅಮೈಲೇಸ್ ಮುಂದುವರಿಸುತ್ತದೆ, ಕೊನೆಯ ತುಂಡನ್ನು ಕರುಳಿನ ಗೋಡೆಯೇ ಬಿಡಿಸುತ್ತದೆ. ಗ್ಲೂಕೋಸ್ ಬೇಕಾದಷ್ಟೇ, ನಿಧಾನಕ್ಕೆ ಸಿಗುತ್ತದೆ. ಅಂಗಡಿಯ ಸಿಹಿ ಪಾನೀಯ ಹಾಗಲ್ಲ. ಅದರಲ್ಲಿ ಸಕ್ಕರೆ ಜಾಸ್ತಿ, ಉಪ್ಪು ಕಡಿಮೆ. ಅಷ್ಟು ಸಕ್ಕರೆ ದೇಹದ ನೀರನ್ನೇ ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ.

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಿದ್ದರು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿ ಕುಡಿಸಲು ಹೇಳಿದರು. ಕುಡಿಸಿದವರು ಹೆಚ್ಚಿನಂಶ ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇವತ್ತಿನ ಓಆರ್‌ಎಸ್ ಪುಡಿ ಇದೇ ದಾರಿಯಲ್ಲಿ ಬಂದದ್ದು.

ತೆಳಿಗಿಂತ ಓಆರ್‌ಎಸ್ ಮೇಲು ಅನ್ನುವುದನ್ನು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ಒಬ್ಬೊಬ್ಬರು ಹಾಕುವ ಉಪ್ಪು ಒಂದೊಂದು ಅಳತೆ, ತೆಳಿಯಲ್ಲಿ ಪೊಟ್ಯಾಸಿಯಂ ಕಡಿಮೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟರಲ್ಲೇ ಕದಡಬೇಕು, ಕುದಿಸಿ ಆರಿಸಿದ ನೀರಿನಲ್ಲಿ. ಅದು ಕೈಗೆ ಸಿಗುವ ತನಕ ಉಪ್ಪು ಹಾಕಿದ ತೆಳಿ ಕುಡಿಸುತ್ತಿರಿ. ಮೊಲೆಹಾಲು ಕುಡಿಯುವ ಮಗುವಾದರೆ ಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ಮಳೆ ನಿಲ್ಲಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.